ಬೀಜ ಕಟ್ಟದ ಹತ್ತಿಗೆ ಬೀಜ ಬಂದ ಕಥೆ



ಬೆಳಿಗ್ಗೆ ರೇಡಿಯೋ ಹಚ್ಚಿ, ಇಸ್ತ್ರಿ ಮಾಡಿದ ಕಾಟನ್ ಅಂಗಿಯನ್ನೋ ಸೀರೆಯನ್ನೋ ತೊಟ್ಟು ನೀವು ಬಸ್ಸು ಹಿಡಿಯಲು ಓಡುತ್ತೀರಿ. ಆ ಬಟ್ಟೆಯ ನೂಲು ಯಾವ ಗಿಡದ್ದು, ಆ ಗಿಡದ ಅಪ್ಪ ಅಮ್ಮ ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಹುಡುಕಿಕೊಂಡು ಗುಜರಾತಿನ ಸೂರತ್ತಿಗೆ ಹೋಗಬೇಕಾಗುತ್ತದೆ. ಅಲ್ಲಿಂದ ದಾರಿ ನಮ್ಮ ಧಾರವಾಡಕ್ಕೂ ಬರುತ್ತದೆ.

ಈ ಸಲದ ಇತಿಹಾಸದ ಪುಟದಲ್ಲಿ ರಾಜರಿಲ್ಲ, ಯುದ್ಧಗಳಿಲ್ಲ. ಇರುವುದು ಒಂದು ಹತ್ತಿ ಗಿಡ. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದಾಗ ಹುಟ್ಟಿದ ಗಿಡ ಅದು. ಸೊಂಪಾಗಿ ಬೆಳೆಯಿತು, ಮೈತುಂಬ ಹೂ ಬಿಟ್ಟಿತು, ಬೀಜ ಮಾತ್ರ ಕಟ್ಟಲಿಲ್ಲ. ಅಂಥ ಗಿಡವನ್ನು ಉಳಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಮೂರು ಉತ್ತರ ಸಿಕ್ಕಿವೆ. ಮೂರರಲ್ಲಿ ಯಾವುದನ್ನು ಆರಿಸಿಕೊಂಡೆವು ಎನ್ನುವುದರ ಮೇಲೆ ಇವತ್ತಿನ ಹತ್ತಿ ಬೆಳೆಗಾರನ ಬದುಕು ನಿಂತಿದೆ.

ಮೂರು ಊರು, ಒಂದು ಎರೆ ನೆಲ

ಮೊದಲು ಊರುಗಳ ಪರಿಚಯ. ಮುಂಬೈಯಿಂದ ಉತ್ತರಕ್ಕೆ ರೈಲು ಹತ್ತಿದರೆ ಸೂರತ್, ಭರೂಚ್, ವಡೋದರಾ, ಅಹಮದಾಬಾದ್ ಒಂದರ ಹಿಂದೆ ಒಂದು ಬರುತ್ತವೆ. ಕಿಟಕಿಯಾಚೆ ಕಾಣುವ ಕಪ್ಪು ಮಣ್ಣು ನಮ್ಮ ಗದಗ, ನರಗುಂದದ ಎರೆ ಭೂಮಿಯ ನೆನಪು ತರುತ್ತದೆ. ಮಳೆ ಬಿದ್ದರೆ ಅಂಟು, ಬೇಸಿಗೆಯಲ್ಲಿ ಬಿರುಕು. ಹತ್ತಿಗೆ ಹೇಳಿ ಮಾಡಿಸಿದ ನೆಲ.

ಈ ನೆಲದ ಹಳೆಯ ಹತ್ತಿ ದೇಶಿ ಹತ್ತಿ. ವಿಜ್ಞಾನಿಗಳು ಅದನ್ನು ಗಾಸಿಪಿಯಂ ಹರ್ಬೇಸಿಯಂ ಎನ್ನುತ್ತಾರೆ. ಬಂದರಿನ ಹೆಸರಿನಿಂದ ಅದು ಇಂಗ್ಲೆಂಡಿನಲ್ಲಿ 'ಸೂರತ್' ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಷೈರ್ ಗಿರಣಿಗಳು ಭಾರತದ ಹತ್ತಿಯನ್ನೇ ನಂಬಬೇಕಾಯಿತು. ಆದರೆ ಸೂರತ್ ಹತ್ತಿಯ ಎಳೆ ಗಿಡ್ಡ. ಯಂತ್ರದಲ್ಲಿ ಮತ್ತೆ ಮತ್ತೆ ತುಂಡಾಗುತ್ತಿತ್ತು, ಜೊತೆಗೆ ಕಸ ಬೇರೆ. ಅಲ್ಲಿಯ ಕೂಲಿಕಾರರ ಬಾಯಲ್ಲಿ 'ಸೂರತ್' ಎಂಬುದು ಕಳಪೆ ಎನ್ನುವ ಬೈಗುಳವೇ ಆಗಿಹೋಯಿತು.

ಅದೇ ಕಾಲದಲ್ಲಿ ಗುಜರಾತಿನ ಒಳಗೂ ಹತ್ತಿಯ ಗಾಲಿ ತಿರುಗತೊಡಗಿತ್ತು. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರ ಗಿರಣಿ ಅಹಮದಾಬಾದಿನಲ್ಲಿ ನೂಲು ತೆಗೆಯಿತು. 1862ರಲ್ಲಿ ಬರೋಡಾದ ಗಾಯಕವಾಡರು ದಭೋಯಿಯಿಂದ ಮಿಯಾಗಾಮಿಗೆ ಚಿಕ್ಕ ಹಳಿಯ ರೈಲುದಾರಿ ಹಾಕಿಸಿದರು. ಆರಂಭದಲ್ಲಿ ಅದರ ಡಬ್ಬಿಗಳನ್ನು ಎಳೆಯುತ್ತಿದ್ದದ್ದು ಎತ್ತುಗಳು! ವಡೋದರಾ ಸುತ್ತಲಿನ ಹತ್ತಿ ದೊಡ್ಡ ಹಳಿಯ ರೈಲಿಗೆ ಸೇರಲು ಇಂಥ ದಾರಿಗಳು ಬೇಕಾಗಿದ್ದವು. ಹೀಗೆ ಸೂರತ್ತಿನಲ್ಲಿ ಹತ್ತಿಯ ಸಂಶೋಧನೆ, ವಡೋದರಾ ಸುತ್ತ ಹತ್ತಿಯ ಹೊಲ, ಅಹಮದಾಬಾದಿನಲ್ಲಿ ಹತ್ತಿಯ ಗಿರಣಿ ಎಂಬ ಏರ್ಪಾಡು ನಿಧಾನವಾಗಿ ರೂಪುಗೊಂಡಿತು.

ಸೂರತ್ತಿನ ಅಠ್ವಾ ಫಾರ್ಮಿನಲ್ಲಿ ಹತ್ತಿ ಸಂಶೋಧನೆ ಆರಂಭವಾದದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಆಗ ಸೂರತ್ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡವೂ ಅದೇ ಪ್ರಾಂತದ್ದು. ಎರಡೂ ಊರುಗಳ ಹತ್ತಿ ತಜ್ಞರು ಒಂದೇ ಕೃಷಿ ಇಲಾಖೆಯ ನೌಕರರು. ಧಾರವಾಡದಲ್ಲಿ ಜಿ.ಎಲ್. ಕೊಟ್ಟೂರ ಅವರು ಕುಮಟಾ ಹತ್ತಿ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ದೇಶಿ ಹತ್ತಿಯನ್ನು ಸುಧಾರಿಸುತ್ತಿದ್ದ ದಿನಗಳಲ್ಲೇ ಸೂರತ್ತಿನಲ್ಲಿ 1027 ಎ.ಎಲ್.ಎಫ್. ಎಂಬ ದೇಶಿ ತಳಿ ಹೊರಬಂದಿತು. ಮುಂದೆ ವಿಜಯ್, ದಿಗ್ವಿಜಯ್ ಎಂಬ ತಳಿಗಳೂ ಬಂದವು. ಇವೆಲ್ಲ ಒಂದೇ ಜಾತಿಯೊಳಗಿನ ಆಯ್ಕೆ ಮತ್ತು ಸಂಕರ. ಎಳೆ ಸ್ವಲ್ಪ ಉದ್ದವಾಯಿತು, ಸೊರಗು ರೋಗ ಸ್ವಲ್ಪ ಕಡಿಮೆಯಾಯಿತು. ಆದರೂ ಅಮೆರಿಕನ್ ಹತ್ತಿಯ ಎಳೆಗೆ ಅವು ಸಮವಾಗಲಿಲ್ಲ.

ಹಾಗಾದರೆ ಅಮೆರಿಕನ್ ಹತ್ತಿಯನ್ನೇ ಬೆಳೆಯಬಹುದಿತ್ತಲ್ಲ ಎನ್ನುತ್ತೀರಿ. ಆ ಪ್ರಯತ್ನವೂ ನಡೆದಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಬೆಳೆಗಾರರನ್ನೇ ಕರೆಸಿ ಗುಜರಾತಿನಲ್ಲೂ ಧಾರವಾಡದಲ್ಲೂ ಆ ಹತ್ತಿ ಬಿತ್ತಿಸಿತು. ಗುಜರಾತಿನಲ್ಲಿ ಅದು ನೆಲೆ ಹಿಡಿಯಲಿಲ್ಲ. ಧಾರವಾಡದಲ್ಲಿ ಮಾತ್ರ ಬೇರು ಬಿಟ್ಟು 'ಧಾರವಾಡ ಅಮೆರಿಕನ್' ಎಂಬ ಹೆಸರು ಪಡೆಯಿತು. ಬರ ಬಂದರೆ ತಡೆದುಕೊಳ್ಳುವ, ರಸ ಹೀರುವ ಹುಳುಗಳಿಗೆ ಬಗ್ಗದ ಗಟ್ಟಿತನ ಅಮೆರಿಕನ್ ಗಿಡಕ್ಕೆ ಇರಲಿಲ್ಲ. ಅದು ದೇಶಿ ಹತ್ತಿಯ ಸೊತ್ತು. ಎಳೆ ಅಮೆರಿಕದ್ದು, ಮೈಕಟ್ಟು ನಮ್ಮದು ಆಗಿರುವ ಒಂದು ಹತ್ತಿ ಸಿಕ್ಕಿದರೆ ಎಷ್ಟು ಚೆನ್ನ! ತಳಿ ತಜ್ಞರ ಕನಸು ಇದಾಗಿತ್ತು.

1947ರಲ್ಲಿ ದೇಶ ಇಬ್ಭಾಗವಾದಾಗ ಈ ಕನಸು ಅವಸರದ ಅಗತ್ಯವಾಯಿತು. ಉದ್ದ ಎಳೆಯ ಹತ್ತಿ ಬೆಳೆಯುತ್ತಿದ್ದ ಸಿಂಧ್ ಮತ್ತು ಪಶ್ಚಿಮ ಪಂಜಾಬಿನ ನೀರಾವರಿ ಹೊಲಗಳು ಪಾಕಿಸ್ತಾನಕ್ಕೆ ಹೋದವು. ಗಿರಣಿಗಳು ಬೊಂಬಾಯಿ, ಅಹಮದಾಬಾದುಗಳಲ್ಲಿ ಉಳಿದವು.

ಹದಿಮೂರು ಮತ್ತು ಇಪ್ಪತ್ತಾರರ ಲೆಕ್ಕ

ಕನಸಿಗೆ ಅಡ್ಡಿ ಇದ್ದದ್ದು ಒಂದು ಸರಳ ಲೆಕ್ಕದಲ್ಲಿ. ಜೀವಕೋಶದೊಳಗೆ ವರ್ಣತಂತುಗಳೆಂಬ ಎಳೆಗಳಿರುತ್ತವೆ. ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಕ್ರೋಮೋಸೋಮ್ ಎಂದು ಓದಿದ್ದು ಇದನ್ನೇ. ಗುಣಗಳೆಲ್ಲ ತಲೆಯಿಂದ ತಲೆಗೆ ಬರುವುದು ಇವುಗಳ ಮೂಲಕ. ದೇಶಿ ಹತ್ತಿಯ ಕೋಶದಲ್ಲಿ 26 ವರ್ಣತಂತುಗಳು, ಅಂದರೆ 13 ಜೋಡಿ. ಅಮೆರಿಕನ್ ಹತ್ತಿಯಲ್ಲಿ 52, ಅಂದರೆ 26 ಜೋಡಿ.

ಗಿಡ ಪರಾಗವನ್ನೋ ಅಂಡವನ್ನೋ ಮಾಡುವಾಗ ಪ್ರತಿ ಜೋಡಿಯಿಂದ ಒಂದೊಂದನ್ನು ಕೊಡುತ್ತದೆ. ದೇಶಿ ಕೊಡುವುದು 13, ಅಮೆರಿಕನ್ ಕೊಡುವುದು 26. ಕೂಡಿದರೆ ಮಗುವಿಗೆ 39. ಬೆಳೆಯಲು ಇದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಆ ಮಗು ತಾನೇ ಪರಾಗ, ಅಂಡ ಮಾಡಲು ಹೊರಟಾಗ. ಕೋಲಾಟಕ್ಕೆ ಜೋಡಿ ಬೇಕಲ್ಲವೇ? ಇಲ್ಲಿ 13ಕ್ಕೆ ಹೇಗೋ ಜೊತೆಗಾರರು ಸಿಗುತ್ತಾರೆ, ಉಳಿದ 13 ಒಂಟಿಯಾಗಿ ಅಲೆಯುತ್ತವೆ. ಪರಾಗ ಜೊಳ್ಳಾಗುತ್ತದೆ. ಹೂ ಅರಳುತ್ತದೆ, ಉದುರುತ್ತದೆ, ಕಾಯಿ ನಿಲ್ಲುವುದಿಲ್ಲ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಮರಿ ಹಾಕದಿರುವುದಕ್ಕೂ ಇಂಥದೇ ಕಾರಣ.

ಹೊಲದಲ್ಲಿ ಕೆಲಸಕ್ಕೆ ಬಾರದ ಈ ಗಿಡ ತಜ್ಞರಿಗೆ ಮಾತ್ರ ಅಮೂಲ್ಯ. ಏಕೆಂದರೆ ಎರಡೂ ಜಾತಿಯ ಗುಣಗಳು ಕೂಡಿರುವ ಗಿಡ ಅದೊಂದೇ. ಎರಡು ಜಾತಿ ಕೂಡಿಸಲು ಮಾಡಿದ ನೂರಾರು ಕೈಪರಾಗಗಳಲ್ಲಿ ಒಂದೆರಡು ಬೀಜ ಗಟ್ಟಿಯಾದರೆ ಅದೇ ಪುಣ್ಯ. ಸಿಕ್ಕ ಒಂದು ಗಿಡ ಸತ್ತರೆ ಮತ್ತೆ ಮೊದಲಿನಿಂದ ಶುರು.

ಮೊದಲನೆಯ ದಾರಿ: ಕಡ್ಡಿ ನೆಡುವುದು

ನಮ್ಮ ಹಳೆಯ ಮನೆಗಳ ಹಿತ್ತಲಲ್ಲಿ ಹೂಬತ್ತಿ, ಗೆಜ್ಜೆವಸ್ತ್ರಕ್ಕೆಂದು ಒಂದು ಹತ್ತಿ ಗಿಡ ಇರುತ್ತಿತ್ತು, ನೆನಪಿದೆಯೇ? ವರ್ಷಗಟ್ಟಲೆ ಬದುಕುವ ಗಿಡ ಅದು. ಹತ್ತಿ ಸ್ವಭಾವತಃ ಬಹುವಾರ್ಷಿಕ. ಒಂದು ಹಂಗಾಮಿಗೆ ಬಿತ್ತಿ ಕಿತ್ತುಹಾಕುವುದು ರೈತ ತನ್ನ ಅನುಕೂಲಕ್ಕೆ ಮಾಡಿಕೊಂಡ ಪದ್ಧತಿ. ಗುಜರಾತಿನಲ್ಲೂ ಹಿಂದೆ 'ರೋಜಿ' ಎಂಬ ಬಹುವಾರ್ಷಿಕ ಹತ್ತಿ ಹೊಲದಲ್ಲೇ ಇತ್ತು.

ಹಾಗಾಗಿ ಬೀಜ ಕಟ್ಟದ ಮಿಶ್ರ ಗಿಡವನ್ನು ಉಳಿಸಿಕೊಳ್ಳುವ ಮೊದಲ ಉಪಾಯ ದಾಸವಾಳಕ್ಕೆ ನಾವು ಮಾಡುವಂಥದ್ದೇ. ಬಲಿತ ಕೊಂಬೆಯ ತುಂಡು ಕತ್ತರಿಸಿ, ತೇವದ ಮರಳಿನಲ್ಲಿ ನೆಟ್ಟು, ನೆರಳಿನಲ್ಲಿಟ್ಟು ಬೇರು ಬರಿಸುವುದು. ಹತ್ತಿಯೂ ದಾಸವಾಳದ ಕುಟುಂಬದ್ದೇ. ಆದರೆ ದಾಸವಾಳದಷ್ಟು ಸಲೀಸಾಗಿ ಅದರ ಕಡ್ಡಿ ಬೇರು ಬಿಡುವುದಿಲ್ಲ. ಬೇರು ಬರಿಸುವ ಹಾರ್ಮೋನಿನಲ್ಲಿ ಅದ್ದಿ, ಗಾಳಿಯ ತೇವ ಕಾಯ್ದುಕೊಂಡರೆ ಬರುತ್ತದೆ. ಇನ್ನೊಂದು ಗಿಡದ ಮೇಲೆ ಕಸಿ ಕಟ್ಟುವುದೂ ಉಂಟು. ಹೀಗೆ ಬಂದ ಗಿಡ ತಾಯಿಯ ತದ್ರೂಪು. ಒಂದು ಗುಣವೂ ಆಚೀಚೆ ಆಗುವುದಿಲ್ಲ.

ಹಾಗಿದ್ದರೆ ಹೊಲಕ್ಕೂ ಕಡ್ಡಿಯನ್ನೇ ನೆಡಬಾರದೇಕೆ? ಕಬ್ಬು ನೆಡುವುದು ಹಾಗೆಯೇ ಅಲ್ಲವೇ? ಈ ಪ್ರಶ್ನೆ ಬಹಳ ಸಲ ಎದ್ದಿದೆ, ಬಹಳ ಸಲ ಹೊಲದ ಬದುವಿನಲ್ಲೇ ನಿಂತಿದೆ. ಎಕರೆಗೆ ಸಾವಿರಾರು ಗಿಡ ಬೇಕು. ಬೀಜವನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರೆ ಮುಂದಿನ ಮುಂಗಾರಿನವರೆಗೆ ಕಾಯುತ್ತದೆ, ಕಡ್ಡಿ ಕಾಯುವುದಿಲ್ಲ. ತಾಯಿ ಗಿಡಕ್ಕೆ ರೋಗವಿದ್ದರೆ ಕಡ್ಡಿಯ ಜೊತೆಗೇ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರಿನದು. ಬೀಜದಿಂದ ಹುಟ್ಟಿದ ಹತ್ತಿ ಮೊದಲು ಒಂದು ತಾಯಿಬೇರನ್ನು ನೆಟ್ಟಗೆ ಆಳಕ್ಕೆ ಇಳಿಸುತ್ತದೆ. ಮಳೆ ನಿಂತ ಮೇಲೆ ಎರೆ ಮಣ್ಣಿನ ತಳದ ತೇವ ಹೀರಿ ಅದು ಬದುಕುವುದು ಆ ಬೇರಿನಿಂದ. ಕಡ್ಡಿಯಿಂದ ಬಂದ ಗಿಡಕ್ಕೆ ತಾಯಿಬೇರಿಲ್ಲ, ಸುತ್ತ ಹರಡುವ ಮೇಲುಬೇರು ಮಾತ್ರ. ಮಳೆಯನ್ನೇ ನಂಬಿದ ಹೊಲದಲ್ಲಿ ಅದು ನಿಲ್ಲುವುದು ಕಷ್ಟ.

ಆದ್ದರಿಂದ ಕಡ್ಡಿ ಸಂಶೋಧಕರ ಅಂಗಳದಲ್ಲೇ ಉಳಿಯಿತು. ಗಿಡ ಸಾಯದಂತೆ ಕಾಯುವುದು ಅದರ ಕೆಲಸ. ಗಿಡಕ್ಕೆ ಬೀಜ ಕೊಡುವುದು ಅದರಿಂದಾಗಲಿಲ್ಲ.

ಎರಡನೆಯ ದಾರಿ: ಲೆಕ್ಕವನ್ನೇ ಇಮ್ಮಡಿ ಮಾಡುವುದು

1937ರಲ್ಲಿ ಅಮೆರಿಕದ ಬ್ಲೇಕ್ಸ್‌ಲೀ ಮತ್ತು ಏವರಿ ಎಂಬ ವಿಜ್ಞಾನಿಗಳು ಒಂದು ಸುದ್ದಿ ಹೊರಗೆಡವಿದರು. ಕಾಲ್ಚಿಸಿನ್ ಎಂಬ ವಸ್ತು ಸೋಕಿದರೆ ಗಿಡದ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾಗುತ್ತದೆ ಎಂಬುದು ಆ ಸುದ್ದಿ. ಯುರೋಪಿನ ಒಂದು ಹೂಗಿಡದ ಗೆಡ್ಡೆಯಿಂದ ತೆಗೆಯುವ ಈ ವಿಷವನ್ನು ಕೀಲುವಾತಕ್ಕೆ ಔಷಧಿಯಾಗಿ ಬಹಳ ಹಿಂದಿನಿಂದ ಕೊಡುತ್ತಿದ್ದರು. ನಮ್ಮ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯ ಹಾಗೆ ಅರಳುವ ಅಗ್ನಿಶಿಖೆ, ಅಂದರೆ ಗೌರಿ ಹೂವಿನ ಗಿಡದಲ್ಲೂ ಇದೇ ವಿಷವಿದೆ.

ಅದು ಕೆಲಸ ಮಾಡುವ ರೀತಿ ಹೀಗೆ. ಒಂದು ಕೋಶ ಎರಡಾಗುವ ಮೊದಲು ವರ್ಣತಂತುಗಳು ಒಂದಕ್ಕೆ ಎರಡಾಗಿ, ಬಳಿಕ ಎಳೆಗಳ ಒಂದು ಜಾಲ ಅವನ್ನು ಆಚೆ ಅರ್ಧ ಈಚೆ ಅರ್ಧ ಎಳೆದುಕೊಳ್ಳುತ್ತದೆ. ಕಾಲ್ಚಿಸಿನ್ ಆ ಜಾಲ ಕಟ್ಟದಂತೆ ತಡೆಯುತ್ತದೆ. ತಂತುಗಳು ಎರಡಾಗಿರುತ್ತವೆ, ಕೋಶ ಮಾತ್ರ ಒಂದೇ ಉಳಿಯುತ್ತದೆ. 39 ಇದ್ದದ್ದು 78 ಆಗುತ್ತದೆ. ಈಗ ಪ್ರತಿಯೊಂದಕ್ಕೂ ಒಂದು ಜೊತೆ ಸಿಕ್ಕಿತು. ಒಂಟಿಯಾಗಿದ್ದ 13ಕ್ಕೂ ಕೋಲಾಟಕ್ಕೆ ಜೋಡಿ ಬಂತು. ಬೀಜ ಕಟ್ಟದ ಗಿಡ ಬೀಜ ಕಟ್ಟತೊಡಗುತ್ತದೆ.

ಮೊಳಕೆಯ ತುದಿಗೋ ಚಿಗುರಿಗೋ ತೀರಾ ತೆಳುವಾದ ದ್ರಾವಣವನ್ನು ಸೋಕಿಸಬೇಕು. ಹೆಚ್ಚಾದರೆ ಚಿಗುರು ಸುಟ್ಟುಹೋಗುತ್ತದೆ, ಕಡಿಮೆಯಾದರೆ ಏನೂ ಆಗುವುದಿಲ್ಲ. ಒಂದೇ ಗಿಡದಲ್ಲಿ ಒಂದು ಕೊಂಬೆ ಇಮ್ಮಡಿಯಾಗಿ ಇನ್ನೊಂದು ಹಾಗೇ ಉಳಿಯುವುದೂ ಉಂಟು. ಕಡ್ಡಿಯಿಂದ ಒಂದು ಗಿಡ ಹತ್ತಾಗಿದ್ದರೆ ಹತ್ತು ಸಲ ಪ್ರಯತ್ನಿಸಬಹುದು. ಮೊದಲನೆಯ ದಾರಿ ಎರಡನೆಯದಕ್ಕೆ ಊರುಗೋಲಾಗುವುದು ಇಲ್ಲಿ.

ಈ ಸುದ್ದಿ ಸೂರತ್ತಿಗೆ ತಲುಪಲು ತಡವಾಗಲಿಲ್ಲ. 1940ರಲ್ಲೇ ಕೆ.ಸಿ. ಅಮೀನ್ ಅವರು ಹತ್ತಿಯ ಅಂತರ್‌ಜಾತಿ ಸಂಕರ ಮತ್ತು ಕಾಲ್ಚಿಸಿನ್ ಬಳಕೆಯ ಬಗ್ಗೆ ಒಂದು ಟಿಪ್ಪಣಿ ಪ್ರಕಟಿಸಿದರು. ಅದು ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅದೇ ವರ್ಷ ಅಮೆರಿಕದ ಟೆಕ್ಸಾಸಿನಲ್ಲಿ ಜೆ.ಓ. ಬೀಸ್ಲಿ ಎಂಬ ತರುಣ ವಿಜ್ಞಾನಿ ಇನ್ನೊಂದು ಗುಟ್ಟು ಬಿಡಿಸಿದ. ಏಷ್ಯಾದ ಹತ್ತಿಯನ್ನು ಅಮೆರಿಕದ ಒಂದು ಕಾಡು ಹತ್ತಿಯೊಡನೆ ಕೂಡಿಸಿ, ಹುಟ್ಟಿದ ಗಿಡದ ವರ್ಣತಂತುಗಳನ್ನು ಇಮ್ಮಡಿ ಮಾಡಿದಾಗ ಬಂದದ್ದು 52ರ ಗಿಡ. ಅದು ಅಮೆರಿಕನ್ ಹತ್ತಿಯ ಜೊತೆ ಕೂಡಿತು. ಅಂದರೆ ಹತ್ತು ಲಕ್ಷ ವರ್ಷಗಳಿಗೂ ಹಿಂದೆ ಯಾವ ವಿಜ್ಞಾನಿಯೂ ಇಲ್ಲದೆ ಪ್ರಕೃತಿ ಇದೇ ಕೆಲಸ ಮಾಡಿತ್ತು. ಅಮೆರಿಕನ್ ಹತ್ತಿಯ 26 ಜೋಡಿಯಲ್ಲಿ 13 ಜೋಡಿ ನಮ್ಮ ಕಡೆಯ ಹತ್ತಿಯ ದಾಯಾದಿಗಳೇ! ಬೀಸ್ಲಿ ಎರಡನೇ ಮಹಾಯುದ್ಧದಲ್ಲಿ ಮಡಿದ. ಅವನು ಕೂಡಿಸಿದ ಮೂರು ಜಾತಿಯ ಸಂಕರದಿಂದ ಅಮೆರಿಕದ ಹತ್ತಿಗೆ ಗಟ್ಟಿ ಎಳೆಯ ಗುಣ ಬಂದಿತು.

ಇಮ್ಮಡಿ ಮಾಡಿದಾಕ್ಷಣ ರೈತನಿಗೆ ಕೊಡುವ ತಳಿ ಸಿದ್ಧವಾಗುವುದಿಲ್ಲ. 78ರ ಗಿಡ ಒರಟು, ಕಾಯಿ ಕಡಿಮೆ. ಅದನ್ನು ಮತ್ತೆ ಅಮೆರಿಕನ್ ಹತ್ತಿಯೊಡನೆ ಕೂಡಿಸಬೇಕು, ಬಂದ ಮಕ್ಕಳನ್ನು ಮತ್ತೊಮ್ಮೆ ಕೂಡಿಸಬೇಕು. ಪ್ರತಿ ತಲೆಗೂ ಆರಿಸಿ ಆರಿಸಿ, ಕಡೆಗೆ 52ಕ್ಕೆ ಬಂದು ನಿಂತ, ಆದರೆ ದೇಶಿ ಹತ್ತಿಯ ಕೆಲವು ಗುಣ ಉಳಿಸಿಕೊಂಡ ಗಿಡ ಸಿಗಬೇಕು. ಕೆಲವು ಸಲ ಔಷಧಿ ಇಲ್ಲದೆಯೂ 39ರ ಗಿಡ ಅಮೆರಿಕನ್ ಪರಾಗಕ್ಕೆ ಅಪರೂಪಕ್ಕೊಂದು ಬೀಜ ಕೊಡುತ್ತದೆ. ಆ ದಾರಿಯಲ್ಲೂ ಕಾಯಬೇಕಾದದ್ದು ವರ್ಷಗಟ್ಟಲೆ.

ಸೂರತ್ತಿನವರು ಕಾದರು. ಅಂತರ್‌ಜಾತಿ ಸಂಕರದ ಈ ದೀರ್ಘ ಕೆಲಸದಿಂದ 'ದೇವಿರಾಜ್', 'ದೇವಿತೇಜ್' ಎಂಬ ತಳಿಗಳು 1950ರ ದಶಕದಲ್ಲಿ ಗುಜರಾತಿನ ಹೊಲ ಸೇರಿದವು. ಕಡತದಲ್ಲಿ ಅವುಗಳ ಹೆಸರು 170-ಸಿಓ-2 ಮತ್ತು 134-ಸಿಓ2-ಎಂ. ಅದೇ ಬಗೆಯ ವಂಶದಿಂದ ಮುಂದೆ 'ಗುಜರಾತ್ 67' ಬಂದಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ದೇವಿರಾಜ್, ದೇವಿತೇಜ್ ಇವು ನೆಲೆ ನಿಂತ ತಳಿಗಳು. ಅಂದರೆ ಈ ವರ್ಷ ಬೆಳೆದ ಹತ್ತಿಯ ಬೀಜವನ್ನು ರೈತ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಅದೇ ಹತ್ತಿ ಬರುತ್ತದೆ. ವಿಜ್ಞಾನದ ಎಲ್ಲ ಕಷ್ಟ ಕೇಂದ್ರದೊಳಗೇ ಮುಗಿದಿತ್ತು. ರೈತನ ಕೈಗೆ ಬಂದದ್ದು ಅವನದೇ ಆಗಿ ಉಳಿಯುವ ಬೀಜ.

ಮೂರನೆಯ ದಾರಿ: ಪ್ರತಿ ವರ್ಷ ಹೊಸದಾಗಿ ಮದುವೆ

1970ರಲ್ಲಿ ಸೂರತ್ತಿನ ಅದೇ ಕೇಂದ್ರದಿಂದ ಡಾ. ಸಿ.ಟಿ. ಪಟೇಲ್ ಅವರು 'ಹೈಬ್ರಿಡ್-4' ಬಿಡುಗಡೆ ಮಾಡಿದರು. ಜಗತ್ತಿನಲ್ಲೇ ವ್ಯಾಪಾರಕ್ಕೆ ಬಂದ ಮೊದಲ ಹೈಬ್ರಿಡ್ ಹತ್ತಿ ಅದು. ತಾಯಿ ಗುಜರಾತ್ 67, ತಂದೆ 'ಅಮೆರಿಕನ್ ನೆಕ್ಟರಿಲೆಸ್' ಎಂಬ ಮಕರಂದ ಗ್ರಂಥಿಯಿಲ್ಲದ ಹತ್ತಿ. ಎರಡೂ 52 ವರ್ಣತಂತುಗಳವು. ಆದ್ದರಿಂದ ಬೀಜ ಕಟ್ಟಲು ತೊಂದರೆಯಿಲ್ಲ, ಇಮ್ಮಡಿ ಮಾಡುವ ಕಷ್ಟವೂ ಇಲ್ಲ. ಮೊದಲ ತಲೆಯ ಗಿಡಗಳು ತಂದೆ ತಾಯಿಯನ್ನು ಮೀರಿಸಿ ಬೆಳೆಯುವ ಗುಣ, ಸಂಕರದ ಕಸುವು, ಪೂರ್ತಿ ಕೈಗೆ ಸಿಕ್ಕಿತು. ಉದ್ದ ಎಳೆ, ದಪ್ಪ ಕಾಯಿ, ಗಿಡದ ತುಂಬ ಇಳುವರಿ. ಗುಜರಾತಿನ ರೈತ ಕಣ್ಣರಳಿಸಿ ನೋಡಿದ.

ಎರಡೇ ವರ್ಷದಲ್ಲಿ ಧಾರವಾಡ ಉತ್ತರ ಕೊಟ್ಟಿತು. 1972ರಲ್ಲಿ ಡಾ. ಬಿ.ಎಚ್. ಕಟರಕಿ ಅವರು ನಮ್ಮ 'ಲಕ್ಷ್ಮಿ' ಹತ್ತಿಯನ್ನು ಈಜಿಪ್ಟ್ ಹತ್ತಿಯ ಜಾತಿಗೆ ಸೇರಿದ ಎಸ್‌ಬಿ 289ಇ ಜೊತೆ ಕೂಡಿಸಿ 'ವರಲಕ್ಷ್ಮಿ' ಕೊಟ್ಟರು. ಎರಡು ಬೇರೆ ಜಾತಿಗಳ ನಡುವೆ ಹುಟ್ಟಿ ಹೊಲಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಅವೆರಡೂ ಜಾತಿಗಳಲ್ಲಿ 52 ವರ್ಣತಂತುಗಳೇ ಇರುವುದರಿಂದ ಅಲ್ಲಿಯೂ ಲೆಕ್ಕ ಸರಿಹೋಯಿತು. ನಂತರ 1981ರಲ್ಲಿ ಧಾರವಾಡದಿಂದಲೇ 'ಜಯಲಕ್ಷ್ಮಿ' ಎಂಬ ಡಿಸಿಎಚ್-32 ಬಂದಿತು. ಹಾವೇರಿ, ರಾಣೆಬೆನ್ನೂರು ಕಡೆಯ ಹಿರಿಯರನ್ನು ಕೇಳಿ ನೋಡಿ. ವರಲಕ್ಷ್ಮಿಯ ದುಡ್ಡಿನಲ್ಲಿ ಕಟ್ಟಿದ ಮನೆ, ಮಾಡಿದ ಮದುವೆಗಳ ಮಾತು ಬರುತ್ತದೆ.

ಆದರೆ ಹೈಬ್ರಿಡ್ಡಿನ ಒಂದು ಷರತ್ತು ಅದರ ಜೊತೆಗೇ ಬಂದಿತ್ತು. ಅದರ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಎರಡನೆಯ ತಲೆಯಲ್ಲಿ ಗುಣಗಳು ಚದುರುತ್ತವೆ. ಒಂದು ಗಿಡ ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ. ಕಸುವು ಕುಗ್ಗುತ್ತದೆ, ಎಳೆ ಒಂದೇ ಸಮ ಬರುವುದಿಲ್ಲ. ಹಾಗಾಗಿ ತಂದೆ ತಾಯಿಗಳ ಮದುವೆಯನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು.

ಆ ಮದುವೆ ನಡೆಯುವುದು ಕೈಯಿಂದ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಗೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಕೇಸರದ ಕೊಳವೆಯನ್ನೂ ಸುಲಿದು ತೆಗೆಯಬೇಕು. ಒಳಗಿನ ಶಲಾಕೆಗೆ ಪೆಟ್ಟಾಗಬಾರದು. ಗುರುತಿಗೆ ಬಣ್ಣದ ಕಾಗದ ಮುಚ್ಚಬೇಕು. ಮರುದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಗಂಡು ಸಾಲಿನ ಹೂ ಕಿತ್ತು ತಂದು ಪರಾಗ ಸವರಬೇಕು. ಹತ್ತಿಯ ಹೂವಿಗೆ ಅದೊಂದೇ ಮುಂಜಾನೆ, ಮರುದಿನಕ್ಕೆ ಬಣ್ಣ ಕೆಂಪಾಗಿ ಬಾಡುತ್ತದೆ. ಒಂದು ಕಿಲೋ ಬೀಜಕ್ಕೆ ಇಂಥ ನೂರಾರು ಹೂಗಳು ಬೇಕು.

ಈ ಕೆಲಸ ಮಾಡಿದವರು ಹೆಚ್ಚಾಗಿ ಹೆಂಗಸರು ಮತ್ತು ಹುಡುಗಿಯರು. ಅಗ್ಗದ ಕೈಕೂಲಿ ಇದ್ದ ದೇಶದಲ್ಲಿ ಮಾತ್ರ ಹೈಬ್ರಿಡ್ ಹತ್ತಿ ದೊಡ್ಡದಾಗಿ ಬೆಳೆಯಲು ಇದೂ ಒಂದು ಕಾರಣ. 2000ದ ದಶಕದಲ್ಲಿ ಗುಜರಾತ್, ಆಂಧ್ರ, ಕರ್ನಾಟಕದ ಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳು ದುಡಿಯುತ್ತಿರುವ ವರದಿಗಳು ಒಂದರ ಮೇಲೊಂದು ಬಂದವು. ಉತ್ತರ ಗುಜರಾತಿನ ಹೊಲಗಳಿಗೆ ರಾಜಸ್ಥಾನದ ಡುಂಗರ್‌ಪುರದ ಆದಿವಾಸಿ ಮಕ್ಕಳು ಜೀಪುಗಳಲ್ಲಿ ಬರುತ್ತಿದ್ದರು. ನಮ್ಮ ಬಟ್ಟೆಯ ಇತಿಹಾಸದಲ್ಲಿ ಆ ಪುಟ್ಟ ಹೆಬ್ಬೆರಳುಗಳ ಗುರುತೂ ಇದೆ.

ಅಂಗಡಿಯ ಪ್ಯಾಕೆಟ್ಟು

ಪ್ರತಿ ವರ್ಷ ಕೊಳ್ಳಬೇಕಾದ ಬೀಜವೆಂದರೆ ಪ್ರತಿ ವರ್ಷದ ವ್ಯಾಪಾರ. ಸರ್ಕಾರಿ ಕೇಂದ್ರಗಳಲ್ಲಿ ಹುಟ್ಟಿದ ಹೈಬ್ರಿಡ್ ವಿದ್ಯೆ ಖಾಸಗಿ ಬೀಜ ಕಂಪನಿಗಳ ಕೈಗೆ ಬಂದು ಬೆಳೆಯಿತು. 2001ರಲ್ಲಿ ಗುಜರಾತಿನಲ್ಲಿ ಕಾಯಿಕೊರಕ ಹುಳುವಿನ ಹಾವಳಿ ಜೋರಾದಾಗ ಕೆಲವು ಹೊಲಗಳು ಮಾತ್ರ ಹಸಿರಾಗಿ ನಿಂತಿದ್ದವು. ನೋಡಿದರೆ ಅದು ಅಹಮದಾಬಾದಿನ ಕಂಪನಿಯೊಂದರ 'ನವಭಾರತ್ 151' ಹೈಬ್ರಿಡ್. ಪರೀಕ್ಷಿಸಿದಾಗ ಅದರಲ್ಲಿ ಇನ್ನೂ ದೇಶದಲ್ಲಿ ಅನುಮತಿಯೇ ಸಿಗದ ಬಿಟಿ ಜೀನ್ ಇರುವುದು ತಿಳಿಯಿತು. ದೆಹಲಿಯಲ್ಲಿ ಗದ್ದಲ, ಗುಜರಾತಿನ ರೈತರಲ್ಲಿ ಆ ಬೀಜಕ್ಕೇ ಬೇಡಿಕೆ! 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಅಧಿಕೃತ ಅನುಮತಿ ಬಂತು. ಅದೂ ಹೈಬ್ರಿಡ್ಡುಗಳ ರೂಪದಲ್ಲೇ. ಸುಮಾರು ಹತ್ತು ವರ್ಷಗಳಲ್ಲಿ ದೇಶದ ಹತ್ತಿ ಹೊಲದ ಬಹುಭಾಗ 450 ಗ್ರಾಂ ಪ್ಯಾಕೆಟ್ಟುಗಳಿಂದ ಬಂದ ಬಿಟಿ ಹೈಬ್ರಿಡ್ಡುಗಳದಾಯಿತು.

ಇಳುವರಿ ಏರಿತು, ಔಷಧಿ ಸಿಂಪಡಣೆ ಮೊದಮೊದಲು ಇಳಿಯಿತು. ಆಮೇಲೆ ಹುಳು ಪಾಠ ಕಲಿಯಿತು. ಗುಲಾಬಿ ಕಾಯಿಕೊರಕ ಮೊದಲ ಬಿಟಿ ಜೀನಿಗೆ ಬಗ್ಗದಾಗಿದೆ ಎಂಬ ಸುದ್ದಿ 2010ರಲ್ಲಿ ಗುಜರಾತಿನಿಂದಲೇ ಬಂದಿತು. ಕೆಲವು ವರ್ಷಗಳಲ್ಲಿ ಎರಡು ಜೀನ್‌ಗಳ ಹತ್ತಿಯನ್ನೂ ಅದು ದಾಟಿತು. ದುಬಾರಿ ಬೀಜವನ್ನು ಕಡಿಮೆ ಹಾಕಿ, ಗಿಡಗಳನ್ನು ದೂರ ದೂರ ನೆಟ್ಟು, ದೀರ್ಘಕಾಲ ಹೊಲದಲ್ಲಿ ಬಿಡುವ ಪದ್ಧತಿ ಹುಳುವಿಗೆ ಅನುಕೂಲವಾಯಿತು ಎಂದು ಅನೇಕ ತಜ್ಞರು ಹೇಳುತ್ತಾರೆ. ಅಮೆರಿಕ, ಆಸ್ಟ್ರೇಲಿಯಾ, ಬ್ರೆಜಿಲ್ ದೇಶಗಳಲ್ಲಿ ಹತ್ತಿ ಬೆಳೆಯುವುದು ನೆಲೆ ನಿಂತ ತಳಿಗಳಿಂದ. ಹೈಬ್ರಿಡ್ಡನ್ನೇ ಇಷ್ಟು ದೊಡ್ಡ ಪ್ರಮಾಣದಲ್ಲಿ ನಂಬಿದ ದೊಡ್ಡ ದೇಶ ನಮ್ಮದೇ.

2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತ ತನ್ನ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಿಕೊಳ್ಳಬಹುದು ಎನ್ನುತ್ತದೆ. ಒಳ್ಳೆಯ ಕಾಯಿದೆ. ಆದರೆ ಹೈಬ್ರಿಡ್ ಬೆಳೆಯುವ ರೈತನಿಗೆ ಆ ಹಕ್ಕು ಕಾಗದದ ಮೇಲೆ ಮಾತ್ರ. ಕಾನೂನು ಕೊಟ್ಟದ್ದನ್ನು ಗಿಡದ ಸ್ವಭಾವವೇ ಕಿತ್ತುಕೊಂಡಿರುತ್ತದೆ.

ಬೀಜ ಯಾರ ಅಟ್ಟದ ಮೇಲೆ?

ಹಾಗೆಂದು ಹೈಬ್ರಿಡ್ಡನ್ನು ಬೈದು ಕೂರುವುದು ನ್ಯಾಯವಲ್ಲ. ಸಿ.ಟಿ. ಪಟೇಲರೂ ಕಟರಕಿಯವರೂ ಸರ್ಕಾರಿ ಸಂಬಳದಲ್ಲಿ, ರೈತನ ಕೈಗೆ ನಾಲ್ಕು ಕಾಸು ಬರಲಿ ಎಂದು ದುಡಿದವರು. ಉದ್ದ ಎಳೆಗಾಗಿ ಪರದೇಶದತ್ತ ನೋಡುತ್ತಿದ್ದ ಗಿರಣಿಗಳಿಗೆ ಊರಿನ ಹತ್ತಿ ಸಿಕ್ಕಿದ್ದು ಅವರಿಂದ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಹೈಬ್ರಿಡ್-4ರ ತಾಯಿ ಗುಜರಾತ್ 67. ಅದರ ಹಿಂದೆ ಅಂತರ್‌ಜಾತಿ ಸಂಕರದ ದಶಕಗಳ ತಾಳ್ಮೆ ಇತ್ತು. ನಿಧಾನದ ದಾರಿಯಲ್ಲಿ ಗಳಿಸಿದ್ದನ್ನು ವೇಗದ ದಾರಿ ಖರ್ಚು ಮಾಡಿತು. ಗಳಿಸುವ ಕೆಲಸ ನಡುವೆ ಮಂಕಾಯಿತು ಎಂಬುದಷ್ಟೇ ಬೇಸರ.

ಆ ಕೆಲಸ ಪೂರ್ತಿ ನಿಂತಿಲ್ಲ. ಬಿಟಿ ಗುಣವಿದ್ದೂ ಬೀಜ ಎತ್ತಿಟ್ಟುಕೊಳ್ಳಬಹುದಾದ ತಳಿಗಳನ್ನು ಸರ್ಕಾರಿ ಸಂಸ್ಥೆಗಳು ಇತ್ತೀಚಿನ ವರ್ಷಗಳಲ್ಲಿ ಬಿಡುಗಡೆ ಮಾಡಿವೆ. ಕಛ್‌ನಲ್ಲಿ ಮಳೆಯನ್ನಷ್ಟೇ ನಂಬಿ ಬೆಳೆಯುವ 'ಕಾಲಾ' ಹತ್ತಿಗೆ, ಅಂದರೆ ಹಳೆಯ ದೇಶಿ ಹರ್ಬೇಸಿಯಂಗೆ, ನೇಕಾರರಿಂದ ಮತ್ತೆ ಬೇಡಿಕೆ ಬಂದಿದೆ. ಸೂರತ್ತಿನ ಅಠ್ವಾ ಫಾರ್ಮ್ 2004ರಿಂದ ನವಸಾರಿ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ನಗರ ಅದರ ಸುತ್ತ ಬೆಳೆದು ನಿಂತಿದ್ದರೂ ಹತ್ತಿಯ ಸಾಲುಗಳು ಅಲ್ಲಿವೆ.

ಕಡ್ಡಿಯ ಕನಸಿಗೂ ಹೊಸ ರೂಪ ಸಿಕ್ಕಿದೆ. 2018ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಜ್ಞಾನಿಗಳು ಪರಾಗದ ಬೆರಕೆಯಿಲ್ಲದೆ ತಾಯಿಯ ತದ್ರೂಪು ಬೀಜ ಕಟ್ಟುವ ಭತ್ತದ ಗಿಡವನ್ನು ಮಾಡಿ ತೋರಿಸಿದರು. ಕಡ್ಡಿಯ ನಿಷ್ಠೆ, ಬೀಜದ ಅನುಕೂಲ, ಎರಡೂ ಒಂದರಲ್ಲೇ. ಹತ್ತಿಯ ಹೊಲಕ್ಕೆ ಅಂಥದ್ದು ಇನ್ನೂ ಬಂದಿಲ್ಲ. ಬಂದರೆ ಹೈಬ್ರಿಡ್ಡಿನ ಕಸುವೂ ರೈತನ ಅಟ್ಟದ ಮೇಲಿನ ಬೀಜವೂ ಒಟ್ಟಿಗೆ ಇರಬಹುದು. ಆ ವಿದ್ಯೆಯ ಬೀಗದಕೈ ಆಗ ಯಾರ ಬಳಿ ಇರುತ್ತದೆ ಎನ್ನುವುದನ್ನು ಮಾತ್ರ ಈಗಲೇ ಕೇಳಬೇಕು.

ಕೇಳುಗರೇ, ಇದು ಬರೀ ರೈತರ ವಿಷಯ, ಪೇಟೆಯವರಾದ ನಮಗೇಕೆ ಎನ್ನಬೇಡಿ. ನಮ್ಮಲ್ಲಿ ಬಹಳ ಮಂದಿಗೆ ಊರಲ್ಲಿ ಇನ್ನೂ ನಾಲ್ಕೆಕರೆ ಇದೆ, ಅಣ್ಣನೋ ಮಾವನೋ ಮುಂಗಾರಿಗೆ ಮುಂಚೆ ಬೀಜದಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಮಳೆ ಹೇಗಿದೆ ಎಂದು ಕೇಳುವ ಜೊತೆಗೆ, ಈ ವರ್ಷ ಯಾವ ಬೀಜ ಹಾಕಿದಿರಿ, ಎಷ್ಟು ಕೊಟ್ಟಿರಿ, ಮನೆಯ ಬೀಜ ಏನಾದರೂ ಉಳಿದಿದೆಯೇ ಎಂದೂ ಕೇಳಿ ನೋಡಿ.